ಕೂಸಿನ ಆಸೆ

ಜೀವಮಾನದಲ್ಲಿ ಮೊದಲ ಸಲ ವಿಮಾನ ಹತ್ತಿದ್ದ ಅವನಿಗೆ ಕಿಟಕಿ ಪಕ್ಕದ ಸೀಟೇ ಸಿಕ್ಕಿತ್ತು. ಆ ಹಿಗ್ಗಿನಲ್ಲೇ ಬೆಲ್ಟು ಬಿಗಿದುಕೊಳ್ಳುವಷ್ಟರಲ್ಲಿ, ಕೂಸನ್ನು ಎತ್ತಿಕೊಂಡ ಅಜ್ಜಿಯೊಬ್ಬಳು ಬಂದು ನಿಂತಳು.

“ತಮ್ಮಾ, ಈ ಕಡೆ ಸರೀತಿಯೇನು? ಕೂಸಿಗೆ ಮೋಡ ನೋಡೂ ಆಸೆ.”

ಇನ್ನೂ ಕುತ್ತಿಗೆ ನಿಲ್ಲದ ಕೂಸು ಬಟ್ಟೆಯೊಳಗೆ ಕಣ್ಣು ಮುಚ್ಚಿತ್ತು.

“ಅದು ಮಲಗೈತಲ್ರೀ ಅಜ್ಜಿ.”

“ಮ್ಯಾಲೆ ಹೋದ ಕೂಡ್ಲೆ ಏಳತೈತಿ. ಮೋಡ ಕಾಣಲಿಲ್ಲಂದ್ರ ರಂಪ ಮಾಡತೈತಿ ನೋಡು, ಮೊದಲ ಹೇಳೀನಿ.”

ವಿಮಾನದಲ್ಲಿ ಕೂಸಿನ ರಂಪ ಯಾರಿಗೆ ಬೇಕು? ಮುಖ ಸಣ್ಣದು ಮಾಡಿಕೊಂಡು ಅವನು ಸೀಟು ಬಿಟ್ಟುಕೊಟ್ಟ.

ವಿಮಾನ ಮೇಲೇರಿ ಮೋಡದೊಳಗೆ ಹೊಕ್ಕಿತು. ಕೂಸು ಏಳಲಿಲ್ಲ. ಕಿಟಕಿಗೆ ಮೂಗು ಒತ್ತಿ ಕೂತಿದ್ದ ಅಜ್ಜಿ, ಇತ್ತ ತಿರುಗದೆಯೇ ಅದನ್ನು ಅವನ ತೊಡೆಗೆ ದಾಟಿಸಿದಳು.

“ಒಂದೀಟು ಹಿಡಕೋ ತಮ್ಮಾ. ಇದು ಅಡ್ಡ ಬಂದು ಏನೂ ಕಾಣವಲ್ದು.”