ಒತ್ತದ ಸೀಲು

ಒತ್ತಲೆಂದು ಎತ್ತಿದ ಸೀಲನ್ನು ಲಾಡ್ಜಿನ ಒಡತಿ ಗಾಳಿಯಲ್ಲೇ ತಡೆದಳು. ಅವಳ ಕಣ್ಣು ಎದುರು ನಿಂತಿದ್ದ ಪತ್ರಿಕೆಯ ಲೇಖಕನ ಬೂಟಿನ ಮೇಲೆ ಬಿದ್ದಿತ್ತು. ನಾನೂರು ಮೈಲಿ ನಡೆದ ಬೂಟಂತೆ! ಹಿಮ್ಮಡಿ ಸವೆದಿರಲಿಲ್ಲ, ಲೇಸಿಗೆ ಧೂಳು ಹತ್ತಿರಲಿಲ್ಲ. ಈ ದಾರಿಯಲ್ಲಿ ನಡೆದೇ ಬಂದವರ ಪಯಣದ ಪುಸ್ತಕಕ್ಕೆ ಪ್ರತಿ ಲಾಡ್ಜಿನವರೂ ನಡೆದದ್ದಕ್ಕೆ ಸಾಕ್ಷಿಯಾಗಿ ಒಂದು ಸೀಲು ಒತ್ತಿಕೊಡುತ್ತಿದ್ದರು. ಬಸ್ಸಿಳಿದು ಬಂದವರು ಕಾಲಿಗೆ ಬಿದ್ದರೂ ಈಕೆ ಒತ್ತುತ್ತಿರಲಿಲ್ಲ.

“ಒತ್ತಿ ಅಮ್ಮಾ, ಕಾಲು ಬಿದ್ದುಹೋಗ್ತಿದೆ. ಒಂದು ರೂಮೂ ಬೇಕು,” ಎಂದ ಲೇಖಕ.

“ಕೂತ್ಕೊಳ್ಳಿ.” ಅವಳು ಮೇಜಿನ ಮೇಲಿದ್ದ ಬೆಳಗಿನ ಪತ್ರಿಕೆ ಬಿಡಿಸಿದಳು. ಅವನ ಕಾಲ್ನಡಿಗೆಯ ಅಂಕಣವನ್ನು ಒಂದು ದಿನವೂ ತಪ್ಪಿಸಿದವಳಲ್ಲ. “ನಿನ್ನೆ ಸಂಜೆಯೇ ನಮ್ಮ ಲಾಡ್ಜಿಗೆ ಬಂದೆ ಅಂತ ಬರ್ದಿದ್ದೀರಿ. ನಾನು ನಿಮ್ಮ ಮುಖ ನೋಡ್ತಿರೋದು ಈಗ, ಮಧ್ಯಾಹ್ನ.”

ಅವನು ಪೆಚ್ಚು ನಗೆ ನಕ್ಕ. “ಪತ್ರಿಕೆಯವರ ಅವಸರ ನಿಮಗೇನು ಗೊತ್ತು! ಮೊದಲೇ ಬರೆದು ಕಳಿಸ್ಬೇಕಾಗುತ್ತೆ. ಹಿಂದೊಮ್ಮೆ ಇಲ್ಲಿ ತಂಗಿದ್ದೆನಲ್ಲ, ಎಲ್ಲಾ ನೆನಪಿತ್ತು.”

“ಇರ್ಲಿ, ಅದನ್ನೂ ನುಂಗ್ಕೋತೀನಿ.” ಅವಳ ಬೆರಳು ಕೊನೆಯ ಸಾಲಿನ ಮೇಲೆ ನಿಂತಿತು. ಅಷ್ಟು ಹೊತ್ತು ಗಡಸಾಗಿದ್ದ ದನಿ ಇಳಿಯಿತು. “ನಮ್ಮ ಯಜಮಾನ್ರು ನಿನ್ನೆ ಸಂಜೆ ಗೇಟಿನವರೆಗೂ ಬಂದು, ಕೋಲು ಎತ್ತಿ, ಮುಂದಿನ ದಾರಿ ತೋರಿಸಿದ್ರು ಅಂತಿದೆ. ಅವರು ತೀರ್ಕೊಂಡು ನಾಲ್ಕು ವರ್ಷ ಆಯ್ತು.”

ಅವಳು ಸೀಲನ್ನು ಡಬ್ಬಿಯೊಳಗಿಟ್ಟು ಮುಚ್ಚಳ ಒತ್ತಿದಳು.

“ಎಲ್ಲಿ ಸಿಕ್ಕಿದ್ರು ಹೇಳಿ ಸ್ವಾಮಿ. ಎಷ್ಟೇ ದೂರ ಇರ್ಲಿ, ನಡ್ಕೊಂಡೇ ಹೋಗಿ ಒಂದು ಸಲ ನೋಡ್ಕೊಂಡು ಬರ್ತೀನಿ.”