ಪೇಟೆಯಲ್ಲಿ ಎತ್ತಿದ ಸ್ವರ

ತಾವು ಶಾಲೆಗೆ ಕೊಟ್ಟಿದ್ದ ಹಾರ್ಮೋನಿಯಂ ಮರಳಿ ಅಂಗಡಿಗೇ ಬಂದದ್ದನ್ನು ಕಂಡು ಕೊಪ್ಪದ ಅಡಿಕೆ ವ್ಯಾಪಾರಿ ಸುಬ್ಬರಾಯರು ಬೆರಗಾದರು. ಅದನ್ನು ಹೊತ್ತು ತಂದವರು ಸಂಗೀತದ ಟೀಚರ್ ವನಮಾಲಾ. ಹಿಂದೆ ಮಜೀದಾ ಮತ್ತು ಅವಳ ಜೊತೆ ಹಾಡುವ ಹುಡುಗಿಯರು ನಿಂತಿದ್ದರು.

“ಎಂತ ಟೀಚರ್ ಇದು? ನಾಳೆಯೇ ಸ್ಕೂಲ್ ಡೇ ಅಲ್ವಾ?”

“ಪ್ರಾರ್ಥನೆ ಹಾಡೋಕೆ ಮಜೀದಾ ಬೇಡ ಅಂತ ನೀವೇ ಹೇಳಿ ಕಳ್ಸಿದ್ರಲ್ಲ. ಹಾಗಾದ್ರೆ ನಮಗೆ ಈ ಪೆಟ್ಟಿಗೆಯೂ ಬೇಡ.”

“ಇದಿಲ್ದೆ ಹೆಂಗೆ ಹಾಡ್ತೀರಿ ಮಾರಾಯ್ರೆ?”

ವನಮಾಲಾ ಮಜೀದಾಳತ್ತ ತಿರುಗಿ, “ಹಾಡು” ಎಂದರು. ಹುಡುಗಿ ಹೊದ್ದಿದ್ದ ದಾವಣಿಯನ್ನು ಬಿಗಿಯಾಗಿ ಹಿಡಿದು ಅಲ್ಲೇ ಪ್ರಾರ್ಥನೆ ಎತ್ತಿಕೊಂಡಳು. ಉಳಿದವರೂ ದನಿಗೂಡಿಸಿದರು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ಸುತ್ತ ನೆರೆದರು. ಎದುರಂಗಡಿಯಲ್ಲಿ ಮೈಕ್ ಬಾಡಿಗೆಗೆ ಕೊಡುತ್ತಿದ್ದ ವಿಘ್ನೇಶ್ವರ ರಸ್ತೆಗೆ ಅಡ್ಡಲಾಗಿ ವೈರು ಎಳೆದುಕೊಂಡು ಬಂದು, ಮಜೀದಾಳ ಮುಂದೆ ಮೈಕ್ ಹಿಡಿದ.

“ನಾಳೆ ಸ್ಕೂಲಲ್ಲೂ ಮೈಕ್ ನಂದೇ ಟೀಚರ್, ಇವಳೇ ಹಾಡ್ಲಿ,” ಎಂದ, ಸುಬ್ಬರಾಯರಿಗೆ ಕೇಳುವಷ್ಟು ಜೋರಾಗಿ.