ನಗಿಸುವವನ ಹೆಂಡತಿ

ಮಾಲ್‌ನ ಮೇಲಂತಸ್ತಿನಲ್ಲಿ ದೋಸೆ ತಿನ್ನುತ್ತಿದ್ದ ಹೆಂಡತಿ ಎದೆ ಹಿಡಿದುಕೊಂಡು ಕುರ್ಚಿಯಿಂದ ಜಾರಿ ಬಿದ್ದಳು.

“ಯಾರಾದ್ರೂ ಬನ್ನಿ! ಡಾಕ್ಟರ್ ಯಾರಾದ್ರೂ ಇದ್ದೀರಾ?” ಎಂದು ಅವನು ಕೂಗಿದ.

ಜನ ನೆರೆದರು. ದಾರಿಹೋಕರನ್ನು ಬೇಸ್ತು ಬೀಳಿಸಿ ನಗಿಸುವ ಅವನ ಟೀವಿ ಕಾರ್ಯಕ್ರಮವನ್ನು ನೋಡದವರು ಅಲ್ಲಿ ಯಾರೂ ಇರಲಿಲ್ಲ.

“ಗುರೂ, ಕ್ಯಾಮೆರಾ ಎಲ್ಲಿಟ್ಟಿದ್ದೀರಾ?”

“ಅಕ್ಕನ ಆಕ್ಟಿಂಗು ಸೂಪರ್!”

“ಈ ಸಲ ನಾವು ಬಕ್ರಾ ಆಗಲ್ಲಣ್ಣೋ!”

“ನಿಜವಾಗ್ಲೂ ನನ್ನ ಹೆಂಡ್ತಿ ಕಣ್ರೀ! ನಿಮ್ಮ ಕಾಲಿಗೆ ಬೀಳ್ತೀನಿ,” ಎಂದು ಅವನು ಅತ್ತುಬಿಟ್ಟ. ನಗು ಇನ್ನೂ ಜೋರಾಯಿತು.

ಅವನ ತೋಳಿನಲ್ಲಿ ಅವಳ ತಲೆ ಒಂದು ಕಡೆಗೆ ವಾಲಿತು. ಉಸಿರು ತಡೆದು ತಡೆದು ಬರುತ್ತಿತ್ತು.

ಗುಂಪಿನ ಹಿಂದಿನಿಂದ ಹೆಂಗಸೊಬ್ಬರು, “ನಾನು ಡಾಕ್ಟರ್,” ಎಂದರು. ಜನ ಸರಿದು ದಾರಿ ಬಿಟ್ಟರು. ಅವನಿಗೆ ಹೋದ ಜೀವ ಬಂದಂತಾಯಿತು.

“ಬನ್ನಿ ಮೇಡಂ, ಬೇಗ ಬನ್ನಿ! ನಿಮ್ಮ ದಮ್ಮಯ್ಯ!”

ಅವರು ನಿಂತಲ್ಲಿಂದ ಕದಲಲಿಲ್ಲ.

“ಹೋದ ಯುಗಾದಿ ಎಪಿಸೋಡಲ್ಲೂ ಹೀಗೇ ಕೂಗಿದ್ರಿ, ಸರ್. ಆವತ್ತು ಓಡಿ ಬಂದು ಎದೆ ಒತ್ತಿದ ಡಾಕ್ಟರ್ ನಾನೇ.”